ಅವ್ವನ ನೆಲ, ಚಾಚಿಯ ಚಾವಣಿ

ಮೊನ್ನೆ ಭಾನುವಾರ ಚಳಿ ಶುರುವಾಯಿತೆಂದು ಕೌದಿಗಳನ್ನು ಬಿಸಿಲಿಗೆ ಹಾಕಲು ತೆಗೆದೆ. ನಾಲ್ಕನೆಯ ಮಹಡಿಯ ನಮ್ಮ ಬಾಲ್ಕನಿ ಎಷ್ಟು ಚಿಕ್ಕದೆಂದರೆ, ಕೌದಿ ಹರಡಿದರೆ ಮನುಷ್ಯರು ಒಳಗೆ ಬರಬೇಕು, ಮನುಷ್ಯರು ನಿಂತರೆ ಕೌದಿ ಒಳಗೆ ಬರಬೇಕು. ಆಯಿ, ಅಂದರೆ ಅಜ್ಜಿಯ ಹಳೆಯ ಸೀರೆಗಳಿಂದ ಹೊಲಿದ ನೀಲಿ ಕೌದಿಯನ್ನು ಕಂಬಿಯ ಮೇಲೆ ಇಳಿಬಿಟ್ಟು ಒಮ್ಮೆ ಜೋರಾಗಿ ಕೊಡವಿದೆ. ಹೊಲಿಗೆಗಳ ಸಂದಿಯಿಂದ ಬಿಳಿ ಪುಡಿ ಉದುರಿ ಗಾಳಿಯಲ್ಲಿ ಕೆಳಗೆ ಹೋಯಿತು. ಜೋಳದ ಹಿಟ್ಟು! ಎರಡು ಸಲ ಒಗೆದ ಮೇಲೂ ಅದು ಎಲ್ಲಿ ಅಡಗಿ ಕೂತಿತ್ತೋ.

ಕೂಡಲೇ ಕೆಳಗಿನ ಬಾಲ್ಕನಿಯಿಂದ ಕೂಗು ಬಂತು. “ಯಾರ್ ಅದಾರ ಮ್ಯಾಗ? ಅರಿವಿ ಒಣಗ ಹಾಕೇನಿ, ಕಣ್ಣ್ ಕಾಣಂಗಿಲ್ಲೇನ್ ನಿಮಗ?”

ಬೈಸಿಕೊಂಡು ಸಂತೋಷಪಡುವವರು ಕಡಿಮೆ. ನಾನು ಕೌದಿಯ ಹಿಂದೆ ನಿಂತು ನಗುತ್ತಿದ್ದೆ. ಕೆಳಗಿನ ಮನೆಯ ರಜಿಯಾ ಚಾಚಿ ನಮ್ಮನ್ನು ಬಾಯಿತುಂಬ ಬೈಯುತ್ತಿದ್ದಾರೆಂದರೆ ನಮ್ಮ ಮನೆಯಲ್ಲಿ ಎಲ್ಲವೂ ನೆಟ್ಟಗಿದೆ ಎಂದು ಅರ್ಥ. ಹೇಗೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅದಕ್ಕೂ ಮೊದಲು ನನ್ನ ಒಂದು ಚಟದ ವಿಷಯ. ಏನು ಕಂಡರೂ ತಾರೀಖು ಹಾಕಿ ಬರೆದಿಡುತ್ತೇನೆ, ಎಣಿಸಲು ಬರುವಂಥದ್ದಾದರೆ ಗೀಟು ಹಾಕುತ್ತೇನೆ. ಐದಕ್ಕೊಂದು ಅಡ್ಡಗೀಟು. ಶಾಲೆಯಲ್ಲಿ ಹಾಜರಿ ಬರೆಯುವ ಕೆಲಸವನ್ನು ಟೀಚರ್ ನನಗೆ ಕೊಟ್ಟದ್ದೇ ತಪ್ಪಾಯಿತು. ಆಮೇಲೆ ನಳ ಬಂದ ದಿನ, ಕರೆಂಟು ಹೋದ ದಿನ, ಅಪ್ಪ ಸಿಟ್ಟಾದ ದಿನ, ಎಲ್ಲದಕ್ಕೂ ಗೀಟು. “ಇಕಿ ಲಗ್ನದಾಗ ಅಕ್ಕಿಕಾಳು ಬಿದ್ದದ್ದೂ ಎಣಸ್ತಾಳ ನೋಡು,” ಎಂದು ಅವ್ವ ನಗುತ್ತಾಳೆ. ಹೀಗೆ ಬರೆದಿಟ್ಟದ್ದರಿಂದ ಇಲ್ಲಿಯವರೆಗೆ ಯಾರಿಗೂ ಏನೂ ಉಪಯೋಗವಾಗಿಲ್ಲ. ಒಂದು ಸಲ ತೊಂದರೆಯೇ ಆಯಿತು, ಅದನ್ನು ಮುಂದೆ ಹೇಳುತ್ತೇನೆ.

ಹೈದರಾಬಾದಿನ ತಾರ್ನಾಕದಿಂದ ಉಪ್ಪಲ್ ಕಡೆಗೆ ಹೋಗುವಾಗ ಮುಖ್ಯರಸ್ತೆಯಿಂದ ಒಳಗೆ ತಗಡಿನ ಮನೆಗಳ ನಮ್ಮ ಬಸ್ತಿ ಇತ್ತು. ಅಪ್ಪ ಅವ್ವ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಅಲ್ಲಿ ನೆಲೆಯಾದವರು. ಅಪ್ಪ ಸೆಂಟ್ರಿಂಗ್ ಕೆಲಸದವನು, ಸ್ಲ್ಯಾಬ್ ಹಾಕುವ ಮುಂಚೆ ಹಲಗೆ ಬಡಿದು ಅಚ್ಚು ಕಟ್ಟುವುದು ಅವನ ಕಸುಬು. ನಾನು ಹುಟ್ಟಿದ ಮೇಲೆ ಅವ್ವ ಕಲ್ಲುಮಣ್ಣು ಹೊರುವುದನ್ನು ಬಿಟ್ಟು ಜೋಳದ ರೊಟ್ಟಿ ಬಡಿದು ಮಾರಲು ಶುರುಮಾಡಿದಳು. ಸಂಜೆಯಾದರೆ ಬಾಗಿಲ ಹೊರಗೆ ಒಲೆ, ಒಲೆಗೆ ಅಪ್ಪ ತಂದ ಸೆಂಟ್ರಿಂಗ್ ಕಟ್ಟಿಗೆಯ ಚೂರುಗಳು, ಹಂಚು, ದಪ್ಪ ಹಲಗೆ. ವಿದ್ಯಾರ್ಥಿಗಳು, ಆಟೋದವರು, ಸಕ್ಕರೆ ಕಾಯಿಲೆಗೆ ಅನ್ನ ಬಿಟ್ಟ ದೊಡ್ಡ ಮನೆಗಳ ಹಿರಿಯರು, ಎಲ್ಲರೂ ನಮ್ಮ ಓಣಿಗೆ ಬರುತ್ತಿದ್ದರು.

ಜೋಳದ ರೊಟ್ಟಿಯನ್ನು ಬಡಿಯಬೇಕು. ಅಂಗೈಯಿಂದ ತಟ್ಟಿ ತಟ್ಟಿ, ಹಲಗೆಯ ಮೇಲೆ ಅದು ತಾನೇ ತಿರುಗುತ್ತ ಅಗಲವಾಗಬೇಕು. ಆ ಸದ್ದು ಕೇಳುತ್ತ ನಾನು ಓದಿದೆ, ಆ ಸದ್ದು ಕೇಳುತ್ತ ನಿದ್ದೆ ಮಾಡಿದೆ. ನಮ್ಮ ಎದುರು ಬಾಗಿಲೇ ರಜಿಯಾ ಚಾಚಿಯದು. ಬೀದರ್ ಹತ್ತಿರದ ಹಳ್ಳಿಯವರು, ಮದುವೆಯಾಗಿ ಹೈದರಾಬಾದಿಗೆ ಬಂದವರು. ಓಣಿಯಲ್ಲಿ ಅವ್ವನ ಜೊತೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಉಳಿದವರ ಜೊತೆ ಅವ್ವನದು ತೆಲುಗು, ಅಂಗಡಿಯಲ್ಲಿ ಹಿಂದಿ, ನನ್ನ ಕಾಲೇಜಿನವರು ಬಂದರೆ ಬರೀ ನಗು.

ಮೊದಲ ರೊಟ್ಟಿ ಚಾಚಿಗೆ. ಇದು ಯಾರೂ ಮಾಡದ ನಿಯಮ. ಅವ್ವ ಹಂಚಿನಿಂದ ತೆಗೆದ ಮೊದಲ ರೊಟ್ಟಿಯನ್ನು ನಾನು ಎದುರು ಬಾಗಿಲಿಗೆ ಒಯ್ಯಬೇಕು, ಚಾಚಿ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡು ತಪ್ಪು ಹೇಳಬೇಕು. “ಏ ಶಾಂತಾ, ಹಿಟ್ಟು ಹಳೇದ್ ಆಗೇತಿ.” “ಎಸರು ಕಮ್ಮಿ ಹಾಕೀ ಇವತ್ತ.” “ಒಂದ್ ಮಗ್ಗಲ ಹೊತ್ತೇತಿ ನೋಡು.”

ಅವ್ವ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದಳು. “ಬ್ಯಾಡಾದ್ರ ವಾಪಸ್ ಕಳಸ್ರಿ ಅಕ್ಕಾ, ನಾಯಿಗಾರ ಹಾಕ್ತೀನಿ.”

“ನಾಯಿ ತಿಂದು ಸತ್ರ ನೀ ಪೊಲೀಸ್ ಸ್ಟೇಷನ್ನಿಗೆ ಹೋಗಬೇಕಾಕ್ಕೈತಿ.” ಹೀಗೆನ್ನುತ್ತಲೇ ಚಾಚಿ ರೊಟ್ಟಿ ಮುಗಿಸುತ್ತಿದ್ದರು.

ಒಂದು ಬೇಸಿಗೆ ರಜೆಯಲ್ಲಿ ಚಾಚಿ ಹೇಳಿದ ತಪ್ಪುಗಳಿಗೂ ಗೀಟು ಹಾಕಿದ್ದೆ. ಹೊತ್ತದ್ದು, ದಪ್ಪವಾದದ್ದು, ಹರಿದದ್ದು ಎಂದು ಮೂರು ಸಾಲು. ಹೊಗಳಿಕೆಗೊಂದು ಸಾಲು ಬಿಟ್ಟಿದ್ದೆ, ಅದು ಖಾಲಿಯೇ ಉಳಿಯಿತು.

ಆಮೇಲೆ ಬಸ್ತಿ ಕೆಡವಿ ಅದೇ ಜಾಗದಲ್ಲಿ ಎತ್ತರದ ಕಟ್ಟಡಗಳನ್ನು ಕಟ್ಟಿ ನಮಗೇ ಮನೆ ಕೊಡುತ್ತಾರೆಂದಾಯಿತು. ಎಣಿಕೆಯವರು ಬಂದು ಎಷ್ಟು ಜನ, ಎಷ್ಟು ವರ್ಷದಿಂದ, ಶೌಚಾಲಯ ಇದೆಯೇ ಎಂದು ಕೇಳಿ ಬರೆದುಕೊಂಡರು. ನನಗೆ ಅವರ ಕೆಲಸ ತುಂಬ ಹಿಡಿಸಿತು, ಅವರ ಹಿಂದೆ ಓಣಿಯೆಲ್ಲ ತಿರುಗಿದೆ. ಮನೆಯ ಹೊರಗೆ ನೀವು ಏನೇನು ಮಾಡುತ್ತೀರಿ ಎಂಬ ಪ್ರಶ್ನೆ ಅವರ ಹತ್ತಿರ ಇರಲಿಲ್ಲ. ಇರಬೇಕಿತ್ತೆಂದು ಆಗ ನನಗೂ ಹೊಳೆಯಲಿಲ್ಲ. ನಮ್ಮ ಬದುಕಿನ ಅರ್ಧ ನಡೆಯುತ್ತಿದ್ದದ್ದೇ ಹೊಸ್ತಿಲಿನ ಆಚೆ.

ಕಟ್ಟಡ ಏಳುವ ತನಕ ನಾವು ಉಪ್ಪಲ್‌ನಲ್ಲಿ ಕ್ರಿಕೆಟ್ ಮೈದಾನದ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ಪಂದ್ಯವಿದ್ದ ರಾತ್ರಿ ಟಿವಿ ಇಲ್ಲದೆಯೂ ಎಲ್ಲ ಗೊತ್ತಾಗುತ್ತಿತ್ತು. ಉದ್ದನೆಯ ಹೋ ಎಂದರೆ ಸಿಕ್ಸರ್, ನಡುವೆ ತುಂಡಾದ ಹೋ ಎಂದರೆ ಕ್ಯಾಚ್. ಚಾಚಿಯ ಮನೆಯವರು ಸಿಕಂದರಾಬಾದಿನ ಯಾರೋ ನೆಂಟರ ಮನೆಗೆ ಹೋಗಿದ್ದರು. ಅವ್ವ ಅಲ್ಲೂ ರೊಟ್ಟಿ ಮಾಡಿದಳು, ಆದರೆ ಮೊದಲ ರೊಟ್ಟಿಯನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಕೆಲವು ದಿನ ಅದನ್ನು ತಾನೇ ಮುರಿದು ತಿಂದು, “ಖರೇನ ಎಸರು ಕಮ್ಮಿ ಆಗೇತಿ,” ಎನ್ನುತ್ತಿದ್ದಳು.

ಮನೆಗಳನ್ನು ಚೀಟಿ ಎತ್ತಿ ಹಂಚಿದರು. ಓಣಿಯ ಜನ ಅಷ್ಟೂ ಮಹಡಿಗಳಿಗೆ ಚೆಲ್ಲಿಹೋದರು. ನಮಗೆ ಬಂದದ್ದು ೪೦೪, ಚಾಚಿಗೆ ೩೦೪. ಅವ್ವ ಸಭೆಯಲ್ಲೇ ಅವರನ್ನು ಅಪ್ಪಿಕೊಂಡಳು. “ಎದುರು ಇಲ್ಲದಿದ್ರ ಏನಾತ್ ಅಕ್ಕಾ, ನಿಮ್ಮ ತಲಿ ಮ್ಯಾಲೇ ಕುಂಡ್ರತೀನಿ.”

“ಮೊದಲೂ ಅಲ್ಲೇ ಕುಂತಿದ್ದಿ,” ಎಂದರು ಚಾಚಿ.

ಹೊಸ ಮನೆಯನ್ನು ನಾನು ಇಲ್ಲಿ ದೂರಲು ಕೂತಿಲ್ಲ. ಒಳಗೇ ನಳ, ಒಳಗೇ ಶೌಚಾಲಯ, ಮಳೆ ಬಂದರೆ ಪಾತ್ರೆ ಹುಡುಕದೆ ಮಲಗಬಹುದು. ಬಾಗಿಲು ಹಾಕಿಕೊಂಡು ನಾನು ಬಟ್ಟೆ ಬದಲಿಸಿದ್ದು ಜನ್ಮದಲ್ಲಿ ಅದೇ ಮೊದಲು. ಆ ದಿನ ದಿನಚರಿಯಲ್ಲಿ ತಾರೀಖು ಮಾತ್ರ ಬರೆದು ಮುಂದೆ ಖಾಲಿ ಬಿಟ್ಟಿದ್ದೇನೆ.

ಅವ್ವನಿಗೆ ಮಾತ್ರ ನೆಲ ಸಿಗಲಿಲ್ಲ. ನೆಲ ಎಂದರೆ ಟೈಲ್ಸ್ ಅಲ್ಲ, ನೀರು ಚಿಮುಕಿಸಿ ರಂಗೋಲಿ ಹಾಕುವ ನೆಲ. ಬಾಗಿಲ ಮುಂದೆ ಹಾಕಿದರೆ ಕಾರಿಡಾರಿನಲ್ಲಿ ಜನ ತುಳಿದುಕೊಂಡು ಹೋಗುತ್ತಿದ್ದರು. ಬಂದ ಮೂರ್ನಾಲ್ಕು ದಿನಕ್ಕೆ ಅವಳು ಬಲು ಹುರುಪಿನಿಂದ ಮೇಲೆ ಬಂದಳು. “ಭಾಗ್ಯಾ, ನಮಗ ಅಂಗಳಾನೂ ಕೊಟ್ಟಾರ! ಕೆಳಗ ನಮ್ಮ ನಂಬರ್ ಬರದಾರ!”

ಹೋಗಿ ನೋಡಿದೆ. ಕಟ್ಟಡದ ಕೆಳಗೆ ಕಂಬಗಳ ನಡುವೆ ಗಾಡಿ ನಿಲ್ಲಿಸಲು ಹಳದಿ ಗೆರೆ ಎಳೆದು ಪ್ರತಿ ಮನೆಯ ನಂಬರ್ ಬರೆದಿದ್ದರು. ಅವ್ವ ೪೦೪ರ ಚೌಕವನ್ನು ಗುಡಿಸಿ, ನೀರು ಹಾಕಿ, ನಟ್ಟನಡುವೆ ಎಂಟೆಳೆಯ ರಂಗೋಲಿ ಬಿಟ್ಟಿದ್ದಳು. ಅದು ಕಾರಿನ ಜಾಗ ಎಂದು ತಿಳಿಸಿ ಹೇಳಿದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಸೈಕಲ್ ಸುದ್ದಾ ಇಲ್ಲದವರಿಗೆ ಕಾರಿನ ಜಾಗಾ!” ಬ್ಲಾಕಿನ ಕಾರ್ಯದರ್ಶಿ ಯಾದಗಿರಿ ಅಂಕಲ್ ಕೂಡ ನಕ್ಕರು. ಅವರ ಹೆಸರೂ ನಮ್ಮ ಊರಿನ ಹೆಸರೂ ಒಂದೇ ಎಂದು ಅವ್ವನಿಗೆ ಅವರ ಮೇಲೆ ಮೊದಲಿನಿಂದಲೂ ಸಲಿಗೆ. ಅವ್ವ ಯಾರ ನಗುವಿಗೂ ಸೊಪ್ಪು ಹಾಕಲಿಲ್ಲ. “ಕಾರ್ ಬಂದಾಗ ಅಳಸ್ತೀನಿ,” ಎಂದು ದಿನಾ ಬೆಳಿಗ್ಗೆ ಇಳಿದು ಹೋಗಿ ರಂಗೋಲಿ ಹಾಕಿ ಬರುತ್ತಿದ್ದಳು.

ರೊಟ್ಟಿಯನ್ನು ಮಾತ್ರ ಮನೆಯೊಳಗೇ ಬಡಿಯುತ್ತಿದ್ದಳು. ಕಟ್ಟಿಗೆ ಒಲೆಗೆ ಜಾಗವಿಲ್ಲ, ಗ್ಯಾಸ್ ಒಲೆಯನ್ನು ನೆಲದ ಮೇಲಿಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂಡುತ್ತಿದ್ದಳು. ಮೊದಲ ರೊಟ್ಟಿ ಹಿಡಿದು ನಾನು ಒಂದು ಮಹಡಿ ಇಳಿಯುತ್ತಿದ್ದೆ, ಚಾಚಿ ತಪ್ಪು ಹೇಳುತ್ತಿದ್ದರು, ಅದನ್ನು ನಾನು ಮೇಲಕ್ಕೆ ತಂದು ಒಪ್ಪಿಸುತ್ತಿದ್ದೆ. ರುಚಿ ಸ್ವಲ್ಪ ಕಡಿಮೆಯಾದರೂ ನಡೆದುಕೊಂಡು ಹೋಗುತ್ತಿತ್ತು.

ಬತುಕಮ್ಮ ಹಬ್ಬ ಕಳೆದ ವಾರ ಚಾಚಿಯ ಮಗಳು ಬಾಣಂತನಕ್ಕೆ ಬಂದಳು. ಮಗುವಿಗೆ ಹಾಲ್‌ನ ಚಾವಣಿಯ ಕೊಂಡಿಗೆ ಸೀರೆ ಕಟ್ಟಿ ಜೋಲಿ ಮಾಡಿದರು. ಆ ಕೊಂಡಿಯ ಮೇಲೆ ಸ್ಲ್ಯಾಬ್, ಸ್ಲ್ಯಾಬಿನ ಮೇಲೆ ಅವ್ವ.

ಒಂದು ಸಂಜೆ ನಮ್ಮ ಮನೆಯ ಬೆಲ್ ಆಯಿತು. ತೆರೆದರೆ ಚಾಚಿ. ನಮಗೆ ಗಾಬರಿಯಾದದ್ದು ಅವರು ಬಂದದ್ದಕ್ಕಲ್ಲ, ಬೆಲ್ ಒತ್ತಿದ್ದಕ್ಕೆ. ಬಸ್ತಿಯಲ್ಲಿ ಅವರು “ಶಾಂತಾ” ಎನ್ನುತ್ತಲೇ ಒಳಗಿರುತ್ತಿದ್ದರು.

“ಶಾಂತಾ, ಕೂಸು ಮಲಗವಲ್ದು. ನೀ ಒಂದೊಂದ್ ಏಟು ಹಾಕಿದಾಗೂ ಜೋಲಿ ಹಗ್ಗ ನಡಗತೈತಿ. ಕೂಸಿನ ತಾಯಿ ಎರಡ್ ದಿನದಿಂದ ಕಣ್ಣ್ ಮುಚ್ಚಿಲ್ಲ. ಹಗೂರಕ ಬಡಿಯಾಕ ಆಗಂಗಿಲ್ಲೇನು?”

“ಇಷ್ಟ್ ವರ್ಷ ನಿಮ್ಮ ಬಾಗಲದಾಗಽ ಬಡದೇನಿ ಅಕ್ಕಾ. ಇದಽ ಬಾಣಂತಿ ಅದಽ ಸದ್ದಿನಾಗ ಮಲಗಿ ದೊಡ್ಡಾಕಿ ಆಗ್ಯಾಳ.”

“ಆಗ ಎದುರು ಇತ್ತು. ಈಗ ತಲಿ ಮ್ಯಾಗ ಬೀಳತೈತಿ.”

ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ನಮ್ಮ ಮನೆಯ ನೆಲ ಚಾಚಿಯ ಚಾವಣಿ ಎಂಬುದು ಅವತ್ತೇ ನಮಗೆ ತಿಳಿದದ್ದು. ತಗಡಿನ ಮನೆಯಲ್ಲಿದ್ದಾಗ ನಮ್ಮ ತಲೆಯ ಮೇಲೆ ಕಾಗೆ ನಡೆಯುತ್ತಿತ್ತು, ನಮ್ಮ ಕಾಲಡಿಗೆ ಇಲಿ. ಯಾರೂ ಬಂದು ಬೆಲ್ ಒತ್ತುತ್ತಿರಲಿಲ್ಲ. “ಎಷ್ಟ್ ಸ್ಲ್ಯಾಬ್ ಹಾಕೇನೋ ಲೆಕ್ಕಿಲ್ಲ,” ಎಂದ ಅಪ್ಪ ಆ ರಾತ್ರಿ, “ಒಂದರ ಕೆಳಗಾದ್ರೂ ಕುಂತು ಕೇಳಿದಾಂವಲ್ಲ.”

ಇಲ್ಲಿ ನನ್ನ ಬುದ್ಧಿ ಓಡಿತು. ಹಲಗೆಯ ಕೆಳಗೆ ಮೆತ್ತಗಿನದೇನಾದರೂ ಹಾಕಿದರೆ ಸದ್ದು ಇಳಿಯುವುದಿಲ್ಲ ತಾನೇ? ಪ್ರಯೋಗಕ್ಕೆ ಗೋಣಿಚೀಲ, ಹಳೆಯ ಟೈರಿನ ತುಂಡು, ಪೇಪರಿನ ಕಟ್ಟು ಮತ್ತು ಆಯಿಯ ನೀಲಿ ಕೌದಿಯನ್ನು ಸಾಲಾಗಿಟ್ಟೆ. ಅವ್ವ ಮೇಲೆ ಬಡಿಯಬೇಕು, ನಾನು ಚಾಚಿಯ ಮನೆಯಲ್ಲಿ ಜೋಲಿಯ ಪಕ್ಕ ಕೂತು, ಮಗು ಕಣ್ಣು ಬಿಟ್ಟಾಗಲೆಲ್ಲ ಗೀಟು ಹಾಕಬೇಕು. ಬಾಣಂತಿ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು. “ನೀ ಏನ್ ನರ್ಸಾ, ಇಲ್ಲಾ ಸಿಐಡಿಯಾ?” ಎಂದರು ಚಾಚಿ. ನಾನು ತುಟಿಗೆ ಬೆರಳಿಟ್ಟು ಅವರನ್ನೇ ಸುಮ್ಮನಿರಿಸಿದೆ.

ಕೌದಿ ಗೆದ್ದಿತು. ನಾಲ್ಕು ಮಡಿಕೆ ಮಾಡಿ ಹಾಕಿದಾಗ ಮಗು ಒಂದೇ ಒಂದು ಸಲ ಕಣ್ಣು ಬಿಟ್ಟಿತು, ಅದೂ ನನ್ನ ಪೆನ್ನು ಬಿದ್ದದ್ದಕ್ಕೆ. ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ.

ಅವ್ವ ಹಲಗೆಯ ಮುಂದೆ ಕೈ ಚೆಲ್ಲಿ ಕೂತಿದ್ದಳು. ಹಲಗೆ ಮೆತ್ತನೆಯ ಕೌದಿಯ ಮೇಲೆ ಕುಣಿದಿತ್ತು, ಏಟು ಬಿದ್ದ ಕಡೆ ಹಿಟ್ಟು ಹರಿದು ಉಳಿದ ಕಡೆ ಉಂಡೆಯಾಗಿಯೇ ಉಳಿದಿತ್ತು. ಹಲಗೆ ಗಟ್ಟಿ ನೆಲದ ಮೇಲೆ ಕೂತರೆ ಮಾತ್ರ ರೊಟ್ಟಿ ತಿರುಗುತ್ತದೆ. ಕೆಳಗೆ ಕೂತು ಅಷ್ಟೆಲ್ಲ ಗೀಟು ಹಾಕಿದ ನಾನು, ಮೇಲೆ ರೊಟ್ಟಿ ಏನಾಯಿತು ಎಂಬುದಕ್ಕೆ ಒಂದು ಸಾಲನ್ನೂ ಬಿಟ್ಟಿರಲಿಲ್ಲ.

“ಕೂಸು ಮಲಗ್ತ?” ಎಂದು ಅವ್ವ ಕೇಳಿದಳು.

“ಮಲಗ್ತು.”

“ಹಂಗಾರ ಬಿಡು.”

ಮರುದಿನದಿಂದ ಅವಳು ಲಟ್ಟಣಿಗೆ ಹಿಡಿದಳು. ಚಪಾತಿಯ ಹಾಗೆ ಲಟ್ಟಿಸಿದ ಜೋಳದ ರೊಟ್ಟಿ. ಜಿಗಿ ಬರಲೆಂದು ಗೋಧಿ ಹಿಟ್ಟು ಬೆರೆಸಬೇಕಾಯಿತು. ನೋಡಲು ದುಂಡಗೆ, ಎಲ್ಲವೂ ಒಂದೇ ಅಳತೆ. ಬಾಯಿಗಿಟ್ಟರೆ ಚರ್ಮದಂತೆ. ಹಾಸ್ಟೆಲಿನ ಹುಡುಗರು ಮೊದಲ ವಾರ ಏನೂ ಅನ್ನಲಿಲ್ಲ, ಎರಡನೆಯ ವಾರ ಬರಲಿಲ್ಲ. ಮೊದಲೇ ನಾಲ್ಕನೆಯ ಮಹಡಿಯವರೆಗೆ ಬರಲು ಜನಕ್ಕೆ ಸಂಕೋಚವಿತ್ತು, ಈಗ ನೆಪವೂ ಸಿಕ್ಕಿತು.

ಅವ್ವ ಅದಕ್ಕೆ ಅಷ್ಟು ನೊಂದುಕೊಳ್ಳಲಿಲ್ಲ. ಅವಳನ್ನು ಕೆಡವಿದ್ದು ಬೇರೆ. ಲಟ್ಟಿಸಿದ ಮೊದಲ ರೊಟ್ಟಿಯನ್ನು ನಾನು ಕೆಳಗೆ ಒಯ್ದಾಗ ಚಾಚಿ ತುಣುಕು ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ನನ್ನ ಮುಖ ನೋಡದೆ, “ಚಲೋ ಐತಿ ಅಂತ ಹೇಳವ್ವಾ,” ಎಂದರು.

ಮೇಲೆ ಬಂದು ಹಾಗೆಯೇ ಹೇಳಿದೆ. ಅವ್ವ ಲಟ್ಟಣಿಗೆ ಕೆಳಗಿಟ್ಟಳು. “ಚಲೋ ಐತಿ ಅಂದ್ರಾ?”

“ಹೂಂ.”

“ಹೊತ್ತೇತಿ ಅನ್ನಲಿಲ್ಲ? ದಪ್ಪ?”

“ಇಲ್ಲವ್ವಾ.”

ಅವ್ವ ಸೆರಗಿನಿಂದ ಕೈಯೊರೆಸಿಕೊಂಡಳು. “ನೆಂಟರ ಮನ್ಯಾಗ ಉಣ್ಣೂ ಮಂದಿ ಹಂಗ ಅಂತಾರ,” ಎಂದಳು.

ಮರುದಿನ ಮೊದಲ ರೊಟ್ಟಿ ಕೆಳಗೆ ಹೋಗಲಿಲ್ಲ, ಅದರ ಮರುದಿನವೂ. ಮೆಟ್ಟಿಲಲ್ಲಿ ಸಿಕ್ಕರೆ ಇಬ್ಬರೂ “ಆರಾಮ?” “ಆರಾಮ” ಎನ್ನುತ್ತಿದ್ದರು, ಇನ್ನೊಬ್ಬರಿಗೆ ದಾರಿಬಿಟ್ಟು ಗೋಡೆಗೆ ಒತ್ತಿಕೊಳ್ಳುತ್ತಿದ್ದರು. ಓಣಿಯಲ್ಲಿ ಇಬ್ಬರೂ ಜಗಳಾಡಿದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಮರ್ಯಾದೆ ಕೊಟ್ಟುಕೊಂಡದ್ದನ್ನು ನೋಡಿರಲಿಲ್ಲ. ದೀಪಾವಳಿಯ ಹೊತ್ತಿಗೆ ಅವ್ವ ರೊಟ್ಟಿ ಮಾರುವುದನ್ನೇ ನಿಲ್ಲಿಸಿದಳು. ಯಾವುದೋ ಆಫೀಸಿನಲ್ಲಿ ನೆಲ ಒರೆಸುವ ಕೆಲಸ ಇದೆಯಂತೆ, ಒಂದನೆಯ ತಾರೀಖಿನಿಂದ ಹೋಗುತ್ತೇನೆ ಎಂದಳು. ಅವಳು ಮನೆಯಲ್ಲಿ ಕನ್ನಡ ಆಡುವುದೂ ಕಡಿಮೆಯಾಯಿತು. ಆಡುವುದೇ ಕಡಿಮೆಯಾಯಿತು ಎನ್ನುವುದು ಸರಿ. ಹಲಗೆಯನ್ನು ಗೋಡೆಗೆ ಒರಗಿಸಿಟ್ಟಳು, ಹಿಟ್ಟು ಹತ್ತಿದ ಕೌದಿ ಕಪಾಟು ಸೇರಿತು.

ಹೊಸ ಕೆಲಸಕ್ಕೆ ಹೋಗಬೇಕಾದ ಹಿಂದಿನ ದಿನ ಬೆಳಿಗ್ಗೆ ಅವ್ವ ಎಂದಿನಂತೆ ರಂಗೋಲಿ ಪುಡಿ ಹಿಡಿದು ಇಳಿದಳು. ಬರಿಗೈಯಲ್ಲಿ ವಾಪಸಾಗಿ ಬಾಗಿಲಲ್ಲಿ ನಿಂತಳು. “ಭಾಗ್ಯಾ, ಕೆಳಗ ಸ್ಲ್ಯಾಬ್ ಐತೇನು? ನಮ್ಮ ಅಂಗಳದ ಕೆಳಗ?”

“ಇಲ್ಲವ್ವಾ. ಅದರ ಕೆಳಗ ಭೂಮಿ.”

ಅವಳು ಹಲಗೆಯನ್ನು ಬಗಲಿಗೇರಿಸಿಕೊಂಡಳು.

ಸಂಜೆ ೪೦೪ರ ಚೌಕದಲ್ಲಿ ಒಲೆ ಹೊತ್ತಿತು. ಅಪ್ಪ ಸಿಲಿಂಡರ್ ಇಳಿಸಿಕೊಟ್ಟ, ನಾನು ಗಾಳಿ ತಡೆಯಲು ರಟ್ಟು ನಿಲ್ಲಿಸಿದೆ. ಅವ್ವ ಬೆಳಗಿನ ರಂಗೋಲಿಯನ್ನು ಒಂದು ಪಕ್ಕಕ್ಕೆ ಉಳಿಸಿಕೊಂಡು ಕೂತಳು. ಅಷ್ಟರಲ್ಲಿ ಯಾದಗಿರಿ ಅಂಕಲ್ ಬಂದರು.

“ಏಮಮ್ಮಾ, ಇದಿ ಪಾರ್ಕಿಂಗ್ ಕದಾ! ಇಲ್ಲಿ ಗಾಡಿ ಮಾತ್ರ ಇಡಬೇಕು, ಒಲೆ ಇಟ್ಟರೆ ನಾಳೆ ಎಲ್ಲರೂ ಅಂಗಡಿ ಇಡುತ್ತಾರೆ,” ಎಂದು ತೆಲುಗಿನಲ್ಲಿ ಹೇಳಿದರು. ಅವರ ಮಾತಲ್ಲೂ ತಪ್ಪಿರಲಿಲ್ಲ, ಕಾರ್ಯದರ್ಶಿ ಎಂದ ಮೇಲೆ ಅವರು ಹಾಗೆ ಹೇಳಲೇಬೇಕು. ಅವ್ವ ಕಲಸಿದ ಹಿಟ್ಟಿನ ಮೇಲೆ ಕೈಯಿಟ್ಟುಕೊಂಡು ತಲೆತಗ್ಗಿಸಿದಳು. ಅವಳ ತೆಲುಗು ಅಷ್ಟು ದೂರ ಹೋಗುತ್ತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು.

ಮಗುವನ್ನು ಹೆಗಲಿಗೆ ಹಾಕಿಕೊಂಡು ರಜಿಯಾ ಚಾಚಿ ನಿಂತಿದ್ದರು.

“ಕ್ಯಾ ಹುವಾ ಭಾಯ್?” ಎಂದು ವಿಚಾರಿಸಿದರು. ಎಲ್ಲ ಕೇಳಿಕೊಂಡು, ನೆಲದ ಮೇಲಿನ ಹಳದಿ ನಂಬರನ್ನು ಚಪ್ಪಲಿಯಿಂದ ತೋರಿಸಿದರು. “ಗಾಡಿ ನೈ ತೋ ಕ್ಯಾ ಹುವಾ? ಜಗಾ ತೋ ಉನ್ಕೀಚ್ ಹೈ ನಾ?” ಗಾಡಿ ಇಲ್ಲದಿದ್ದರೇನಂತೆ, ಜಾಗ ಅವರದೇ ತಾನೆ ಎಂದು ಅವರ ವಾದ. “ಇಲ್ಲಿ ಬೇಡ ಅಂದರೆ ಅವಳು ಮತ್ತೆ ನನ್ನ ತಲೆಯ ಮೇಲೆ ಬಡಿಯುತ್ತಾಳೆ. ಆಗ ಈ ಮಗುವನ್ನು ದಿನಾ ನಿಮ್ಮ ಮನೆಗೆ ತಂದು ಮಲಗಿಸುತ್ತೇನೆ, ಒಪ್ಪಿಗೆಯೇ?” ಎಂದು ಹಿಂದಿಯಲ್ಲಿ ಮುಗಿಸಿದರು. ಮಗು ಸರಿಯಾದ ಹೊತ್ತಿಗೆ ಕಿರುಚಿತು.

ಯಾದಗಿರಿ ಅಂಕಲ್ ಕಿವಿಯ ಹಿಂದೆ ಕೆರೆದುಕೊಂಡರು. ಮೀಟಿಂಗಿನಲ್ಲಿ ಇಡೋಣ, ಅಲ್ಲಿಯ ತನಕ ಸಿಲಿಂಡರನ್ನು ಕರೆಂಟಿನ ಮೀಟರುಗಳಿಂದ ದೂರ ಇಡಿ, ಯಾರಾದರೂ ಕಾರು ಕೊಂಡರೆ ಆಗ ನೋಡೋಣ ಎಂದು ಹೇಳಿ ಹೊರಟರು. ಆ ಮೀಟಿಂಗ್ ಇನ್ನೂ ನಡೆದಿಲ್ಲ. ಕಟ್ಟಡದಲ್ಲಿ ಯಾರಾದರೂ ಕಾರಿನ ಮಾತೆತ್ತಿದರೆ ಅವ್ವನ ಮುಖ ಸಣ್ಣದಾಗುತ್ತದೆ.

ಚೌಕಗಳ ನಂಬರ್ ಬರೆದವರು ಮೂರನೆಯ ಮಹಡಿಯವರನ್ನು ಒಂದು ಸಾಲಿಗೂ ನಾಲ್ಕನೆಯವರನ್ನು ಎದುರು ಸಾಲಿಗೂ ಹಾಕಿದ್ದರು. ಹಾಗಾಗಿ ೪೦೪ರ ನೇರ ಎದುರಿಗೆ ೩೦೪. ಅವ್ವನೂ ನಾನೂ ಅದನ್ನು ಗಮನಿಸಿರಲಿಲ್ಲ. ಚಾಚಿ ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಹೋಗಿ ತಮ್ಮ ಚೌಕದ ನಡುವೆ ಹಾಕಿಕೊಂಡು ಕೂತರು. ಇಬ್ಬರ ನಡುವೆ ಉಳಿದದ್ದು ಒಂದು ಓಣಿಯ ಅಗಲ.

ಅವ್ವ ಬಡಿದಳು. ತಿಂಗಳಿಂದ ಬಿಟ್ಟ ಕೈ, ಸದ್ದು ಅಳುಕಿ ಅಳುಕಿ ಬಂತು. ಬಡಿಯುವ ನಡುವೆ, ಮೇಲಿನವರಿಗೆ ಕೇಳೀತೆಂದು, ಚಾವಣಿಯ ಕಡೆ ನೋಡುತ್ತಿದ್ದಳು. ಮೊದಲ ರೊಟ್ಟಿಯನ್ನು ಹಂಚಿನಿಂದ ತೆಗೆದು ಕೈಯಲ್ಲಿ ಹಿಡಿದು, ಎತ್ತ ಇಡಬೇಕೆಂದು ತಿಳಿಯದವಳಂತೆ ಒಂದು ಗಳಿಗೆ ಕೂತಳು. ಆಮೇಲೆ ನನಗೆ ಕೊಟ್ಟಳು. ನಾನು ಹಳದಿ ಗೆರೆ ದಾಟಿ ಒಯ್ದೆ.

ಚಾಚಿ ತುಣುಕು ಮುರಿದರು. ಅಗಿದರು. ಅವ್ವ ಎರಡನೆಯ ಉಂಡೆಯನ್ನು ಹಲಗೆಗೆ ಹಾಕಿದ್ದಳು, ಕೈ ಮಾತ್ರ ಅದರ ಮೇಲೆ ಇಳಿಯದೆ ನಿಂತಿತ್ತು.

“ಏ ಶಾಂತಾ,” ಎಂದರು ಚಾಚಿ, ಕಟ್ಟಡದ ಕಂಬಗಳಿಗೆಲ್ಲ ಕೇಳುವಂತೆ. “ಅಂಚು ದಪ್ಪ ಆಗ್ಯಾವಲ್ಲಽ! ಮರತಿಯೇನು ಬಡಿಯೂದು?”

ಅವ್ವನ ಕೈ ಇಳಿಯಿತು. ಆ ಕಟ್ಟಡಕ್ಕೆ ಬಂದ ಮೇಲೆ ಅಷ್ಟು ಜೋರಾಗಿ ಅವಳು ರೊಟ್ಟಿ ಬಡಿದದ್ದನ್ನು ನಾನು ಕೇಳಿರಲೇ ಇಲ್ಲ. ಚಾಚಿಯ ಹೆಗಲ ಮೇಲೆ ಮಗು ಅಗಲವಾಗಿ ಕಣ್ಣು ಬಿಟ್ಟಿತು. ಗೀಟು ಹಾಕೋಣವೆಂದರೆ ನನ್ನ ಪೆನ್ನು ಮೇಲೆ ಮನೆಯಲ್ಲಿತ್ತು.